ಪಡಸಾಲೆಯ ಒಲೆ

ಈ ಬರಹ ಅಚ್ಚಾದ ಮೇಲೆ ನಮ್ಮನೆಯವರ ಮಿತ್ರಮಂಡಳಿಯ ನಾಲ್ಕು ಮಂದಿ ನಮ್ಮ ಮನೆಯ ಕಾಫಿ ಬಿಟ್ಟರೂ ಬಿಟ್ಟಾರು. ಬಿಟ್ಟರೆ ಅರ್ಧ ಲೀಟರ್ ಹಾಲು ಉಳಿಯುತ್ತದೆ, ಅಷ್ಟೆ. "ನಿನಗೆ ಇದೆಲ್ಲ ತಿಳಿಯೋದಿಲ್ಲ ಬಿಡೇ" ಎಂಬ ಮಾತನ್ನು ಎರಡು ವರ್ಷ ಕೇಳಿದ ಮೇಲೆ, ಹಾಗಾದರೆ ತಿಳಿದುಕೊಂಡೇ ಬಿಡೋಣ ಎಂದು ಹಟ ಹಿಡಿದೆ. ಮಗಳ ಹತ್ತಿರ ಓದಿಸಿಕೊಂಡೆ. ಮಂಡಿಪೇಟೆಯ ರೇಡಿಯೋ ರಿಪೇರಿ ಸಾಬರನ್ನು ಕಾಡಿ ಕೇಳಿದೆ. ಕರೆಂಟ್ ಬಿಲ್ಲುಗಳನ್ನು ಒಂದರ ಪಕ್ಕ ಒಂದಿಟ್ಟು ಲೆಕ್ಕ ಹಾಕಿದೆ. ತಿಳಿದದ್ದಾಯಿತು. ಈಗ ಹೇಳುತ್ತೇನೆ: ನಾಲ್ಕು ಜನ ಓಡಾಡುವ, ಕುಕ್ಕರ್ ಕೂಗುವ, ಮೊಮ್ಮಕ್ಕಳು ಬಂದು ಹೋಗುವ ಮನೆಯಲ್ಲಿ ವಾಲ್ವ್ ಆಂಪ್ಲಿಫೈಯರ್ ಇರಬಾರದು.

ವಾಲ್ವ್ ಎಂದರೇನೆಂದು ಕೇಳುವವರು ಹಳೇ ಕಾಲದ ದೊಡ್ಡ ರೇಡಿಯೋದ ಹಿಂಬದಿಯನ್ನು ನೆನಪಿಸಿಕೊಳ್ಳಿ. ರಟ್ಟಿನ ತೂತುಗಳಲ್ಲಿ ಇಣುಕಿದರೆ ಒಳಗೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳಿದ್ದವಲ್ಲ, ಅವೇ. ಈಗಿನವರು ಟ್ಯೂಬ್ ಎನ್ನುತ್ತಾರೆ. ಬುರುಡೆಯೊಳಗಿನ ಗಾಳಿಯನ್ನೆಲ್ಲ ತೆಗೆದಿರುತ್ತಾರೆ. ನಡುವೆ ಒಂದು ತಂತಿಯನ್ನು ಕಾಯಿಸುತ್ತಾರೆ. ಕಾದ ತಂತಿಯಿಂದ ಎಲೆಕ್ಟ್ರಾನುಗಳು ಹಾಲು ಉಕ್ಕಿದ ಹಾಗೆ ಹೊರಕ್ಕೆ ಬರುತ್ತವೆ. ಸುತ್ತಲಿನ ಲೋಹದ ತಗಡು ಮುನ್ನೂರು ನಾನೂರು ವೋಲ್ಟಿನ ಬಲದಿಂದ ಅವನ್ನು ಎಳೆದುಕೊಳ್ಳುತ್ತದೆ. ಮಧ್ಯೆ ಒಂದು ಜಾಲರಿ. ನಲ್ಲಿಯ ತಿರುಪನ್ನು ಸ್ವಲ್ಪ ತಿರುಗಿಸಿದರೆ ನೀರು ಹೆಚ್ಚು ಕಡಿಮೆ ಆಗುವಂತೆ, ಹಾಡಿನ ಸಣ್ಣ ವಿದ್ಯುತ್ತು ಆ ಜಾಲರಿಯಲ್ಲಿ ಹಾಯ್ದು ದೊಡ್ಡ ವಿದ್ಯುತ್ತನ್ನು ಕುಣಿಸುತ್ತದೆ. ಇಷ್ಟೇ ವಿದ್ಯೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಮೊದಲನೆಯದನ್ನು ಮಾಡಿದ; 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಜಾಲರಿ ಸೇರಿಸಿದ. ದೊಡ್ಡ ವಿದ್ಯೆಯೇ, ಅಲ್ಲವೆನ್ನುವುದಿಲ್ಲ. ಅದಿಲ್ಲದಿದ್ದರೆ ರೇಡಿಯೋ ಇಲ್ಲ, ಮಾತಾಡುವ ಸಿನಿಮಾ ಇಲ್ಲ. ಆದರೆ 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಕಾಯಿಸುವುದು ಬೇಡ, ಗಾಜು ಬೇಡ, ನಾನೂರು ವೋಲ್ಟು ಬೇಡ. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ಮಾಡತೊಡಗಿತು. ಮರುವರ್ಷ, 1962ರಲ್ಲೇ, ಜರ್ಮೇನಿಯಂ ಅರೆವಾಹಕಗಳನ್ನೂ ಮಾಡಲು ಶುರುಮಾಡಿತು. ಕಾರ್ಖಾನೆಗೇ ಒಂದೇ ವರ್ಷದಲ್ಲಿ ಮುಂದಿನ ದಾರಿ ಕಂಡಿತ್ತು. ನಮ್ಮನೆಯವರಿಗೆ ಅರವತ್ತು ವರ್ಷ ಕಳೆದರೂ ಕಾಣಲಿಲ್ಲ.

ಅದು ನಮ್ಮ ಮನೆಗೆ ಬಂದದ್ದು 2023ರ ದೀಪಾವಳಿಗೆ. ಅಡಿಗೆಕಟ್ಟೆಯ ಕಡಪಾ ಕಲ್ಲು ಒಡೆದು ಚೂರಾಗಿದೆ, ಗ್ರಾನೈಟ್ ಹಾಕಿಸೋಣ ಎಂದು ಇಟ್ಟಿದ್ದ ಠೇವಣಿಯನ್ನು ಒಡೆದು ತಂದರು. 1,30,000 ರೂಪಾಯಿ. ತೂಕ 22 ಕಿಲೋ. ಒಳಗೆಲ್ಲ ಕಬ್ಬಿಣದ ಟ್ರಾನ್ಸ್‌ಫಾರ್ಮರುಗಳೇ. ಮುಂದುಗಡೆ 300ಬಿ ಎಂಬ ಎರಡು ದೊಡ್ಡ ಬುರುಡೆಗಳು, ಹಿಂದೆ ನಾಲ್ಕೈದು ಮರಿಗಳು. ಈ 300ಬಿ ಎನ್ನುವುದು 1938ರಲ್ಲಿ ಅಮೆರಿಕದ ಸಿನಿಮಾ ಥಿಯೇಟರುಗಳ ಧ್ವನಿಯಂತ್ರಕ್ಕೆಂದು ಬಂದದ್ದಂತೆ. ಥಿಯೇಟರಿನದನ್ನು ತಂದು ಪಡಸಾಲೆಯಲ್ಲಿ ಇಟ್ಟರು. ಅದರಿಂದ ಹೊರಬರುವ ಶಕ್ತಿಯೋ, ಒಂದೊಂದು ಕಡೆಗೆ ಎಂಟು ವ್ಯಾಟ್. ಎಂಟು ವ್ಯಾಟಿಗೆ ಸಾಧಾರಣ ಸ್ಪೀಕರ್ ಬಾಯಿಬಿಡುವುದಿಲ್ಲ. ಅಲ್ಪಶಕ್ತಿಗೂ ಜೋರಾಗಿ ಹಾಡುವ ದೊಡ್ಡ ಪೆಟ್ಟಿಗೆಗಳೇ ಬೇಕು. ಹಾಗಾಗಿ ನನ್ನ ಎದೆಮಟ್ಟದ ಎರಡು ಮರದ ಪೆಟ್ಟಿಗೆಗಳು ಬಂದವು. ಬಂದವರು ಕೂರುತ್ತಿದ್ದ ದಿವಾನ ಅಟ್ಟಕ್ಕೆ ಹೋಯಿತು. ಈಗ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದವರು ಆ ಪೆಟ್ಟಿಗೆಗಳನ್ನು ನೋಡಿ "ಹೊಸ ಬೀರು ಮಾಡಿಸಿದಿರಾ?" ಎನ್ನುತ್ತಾರೆ.

ಇನ್ನು ಶಾಖ. ಎಂಟೆಂಟು ವ್ಯಾಟ್ ಹಾಡು ಹೊರಬರಲು ಆ ಡಬ್ಬಿ ಗೋಡೆಯಿಂದ ಕುಡಿಯುವುದು 150 ವ್ಯಾಟ್. ಮಿಕ್ಕದ್ದೆಲ್ಲ ಎಲ್ಲಿಗೆ ಹೋಗುತ್ತದೆ? ಕೋಣೆಗೆ ಬಿಸಿಯಾಗಿ ಬರುತ್ತದೆ. ಹಾಡು ಸಣ್ಣಗಿರಲಿ ದೊಡ್ಡದಿರಲಿ, ಹಾಡೇ ಇಲ್ಲದಿರಲಿ, ಹೊತ್ತಿಸಿದ ಮೇಲೆ ಅಷ್ಟು ಕುಡಿಯುವುದೇ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಹದಿನಾರನ್ನು ಹಗಲು ಹೊತ್ತಿನಲ್ಲಿ ಉರಿಸಿಟ್ಟರೆ ಇದೇ ಮಹಾನುಭಾವರು ನನ್ನನ್ನು ಸುಮ್ಮನೆ ಬಿಡುತ್ತಿದ್ದರೇ? ಸ್ನಾನದ ಮನೆಯ ದೀಪ ಆರಿಸಲು ಮರೆತರೆ ಅರ್ಧ ಗಂಟೆ ಉಪನ್ಯಾಸವಾಗುತ್ತದೆ.

2024ರ ಏಪ್ರಿಲ್ ಹೇಗಿತ್ತೆಂದು ದಾವಣಗೆರೆ ಕಡೆಯವರಿಗೆ ಹೇಳಬೇಕಾಗಿಲ್ಲ. ರಾತ್ರಿ ಒಂಬತ್ತಕ್ಕೂ ಗೋಡೆ ಮುಟ್ಟಿದರೆ ಬಿಸಿ. ಅಂಥದರಲ್ಲಿ ಪಡಸಾಲೆಯಲ್ಲಿ ಇದೊಂದು ಒಲೆ. ಫ್ಯಾನ್ ಹಾಕೋಣವೆಂದರೆ ಫ್ಯಾನಿನ ಶಬ್ದಕ್ಕೆ ತಂಬೂರಿಯ ನಾದ ಕೇಳಿಸುವುದಿಲ್ಲವಂತೆ! ಫ್ಯಾನ್ ಆರಿಸಿ, ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, ಬೆವರು ಸುರಿಸುತ್ತ ಇವರು ಮಾರ್ವಾ ಕೇಳುತ್ತಿದ್ದರು. ನಾನು ತಾರಸಿಗೆ ಹೋಗಿ ಕೂತುಕೊಳ್ಳುತ್ತಿದ್ದೆ.

ಆ ತಿಂಗಳ ಬಿಲ್ಲಿನ ಕಥೆಯನ್ನೂ ಹೇಳಿಬಿಡುತ್ತೇನೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ನಿಯಮ ಏನಿತ್ತೆಂದು ನಿಮಗೆಲ್ಲ ಗೊತ್ತು. 2022-23ರ ಸರಾಸರಿ ಬಳಕೆ, ಅದರ ಮೇಲೆ ನೂರಕ್ಕೆ ಹತ್ತು. ಅಷ್ಟರೊಳಗಿದ್ದರೆ ಪೂರ್ತಿ ಉಚಿತ. ಮೀರಿದರೆ ಮೀರಿದ್ದಕ್ಕೆ ಹಣ. 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ನಮ್ಮ ಸರಾಸರಿ 160ರ ಆಸುಪಾಸು. ದಿನಕ್ಕೆ ಐದು ಗಂಟೆಯಂತೆ ಈ ಡಬ್ಬಿ ತಿಂಗಳಿಗೆ ಇಪ್ಪತ್ತೆರಡು ಯೂನಿಟ್ ಮೇಲೆ ತಿನ್ನುತ್ತದೆ. ಚಳಿಗಾಲದಲ್ಲಿ ಹೇಗೋ ನಡೆಯಿತು. ಏಪ್ರಿಲ್‌ನಲ್ಲಿ 205 ಬಂತು. ಐದು ಯೂನಿಟ್! ಅದಕ್ಕಾಗಿ 1,600 ಮೀರಿದ ಬಿಲ್ಲು. ಫ್ರಿಜ್ಜಿನದು ತಪ್ಪು, ನೀನು ಪದೇಪದೇ ಬಾಗಿಲು ತೆಗೆಯುತ್ತೀಯಾ ಎಂದರು. ಮೇ ತಿಂಗಳಲ್ಲಿ ನಾನು ಫ್ರಿಜ್ಜಿನ ಬಾಗಿಲನ್ನು ಲೆಕ್ಕ ಇಟ್ಟು ತೆಗೆದೆ. ಅವರ ಮಾರ್ವಾಕ್ಕೆ ಲೆಕ್ಕ ಇಟ್ಟವರಿಲ್ಲ.

ಭಯದ ಮಾತು ಬೇರೆ. ಬುರುಡೆಯ ಗಾಜು 150 ಡಿಗ್ರಿ ಮೀರಿ ಕಾಯುತ್ತದೆ, ಮುಟ್ಟಿದರೆ ಬೊಕ್ಕೆ. ಕಾವಲಿಯನ್ನು ನಾವು ಅಡಿಗೆಮನೆಯಲ್ಲಿ ಇಟ್ಟುಕೊಳ್ಳುತ್ತೇವೆ, ಮಗು ಆ ಕಡೆ ಬಂದರೆ ಗದರುತ್ತೇವೆ. ಇದು ಮೊಮ್ಮಗನ ಮೂಗಿನ ಎತ್ತರಕ್ಕೆ ಸರಿಯಾಗಿ, ಸ್ಟೂಲಿನ ಮೇಲೆ, ದೀಪದಂತೆ ಚೆಂದವಾಗಿ ಹೊಳೆಯುತ್ತ ಕೂತಿರುತ್ತದೆ. ಮೂರು ವರ್ಷದ ಮಗು ಹೊಳೆಯುವುದರ ಹತ್ತಿರ ಹೋಗದೆ ಇನ್ನೆಲ್ಲಿಗೆ ಹೋದೀತು? ಮುಚ್ಚಲು ಒಂದು ಜಾಲರಿ ಪಂಜರವನ್ನು ಕೊಟ್ಟೇ ಇದ್ದರು. ಅದನ್ನು ಹಾಕಿದರೆ ನೋಟ ಕೆಡುತ್ತದೆಂದು ಇವರು ಅಟ್ಟದ ಮೇಲೆ, ದಿವಾನದ ಪಕ್ಕ ಇಟ್ಟರು. ಸಾಬರು ಹೇಳಿದ್ದು ಇನ್ನೂ ಕೆಟ್ಟದ್ದು: "ಅಮ್ಮಾ, ಸ್ವಿಚ್ ಆರಿಸಿದ್ರೂ ಕೂಡ್ಲೆ ಒಳಗೆ ಕೈ ಹಾಕೋ ಹಾಗಿಲ್ಲ. ಕೆಪಾಸಿಟರಲ್ಲಿ ಕರೆಂಟು ನಿಂತಿರ್ತದೆ. ನಾನು ನಲವತ್ತು ವರ್ಷ ಕೆಲಸ ಮಾಡಿದೋನು, ನನಗೇ ಎರಡು ಸಲ ಎತ್ತಿ ಒಗೆದಿದೆ." ಕಳೆದ ಮಳೆಗಾಲದಲ್ಲಿ ಒಂದು ಹಲ್ಲಿ ಬೆಚ್ಚಗಿದೆಯೆಂದು ಕೆಳಗಿನ ಸಂದಿಯಿಂದ ಒಳಗೆ ಹೋಯಿತು. ಟಪ್ ಎಂದಿತು. ಎರಡು ದಿನ ಪಡಸಾಲೆಯಲ್ಲಿ ಸುಟ್ಟ ವಾಸನೆ. ಸಾಬರು ಬಂದು ಹಲ್ಲಿಯನ್ನು ಚಿಮಟದಲ್ಲಿ ತೆಗೆದು, ಫ್ಯೂಸ್ ಹಾಕಿ, ಐನೂರು ತೆಗೆದುಕೊಂಡು ಹೋದರು.

ಇದೆಲ್ಲ ಸಹಿಸಬಹುದಿತ್ತು. ಗಂಡಸರ ಹವ್ಯಾಸಗಳನ್ನು ನಾವು ಸಹಿಸಿದ್ದೇವೆ. ಅಂಚೆಚೀಟಿ ಸಹಿಸಿದ್ದೇವೆ, ಇಸ್ಪೀಟು ಸಹಿಸಿದ್ದೇವೆ. ನನ್ನ ತಕರಾರು ಇರುವುದು ಬೇರೆ ಕಡೆ. ಇದು ಬಂದ ದಿನದಿಂದ ನನ್ನ ಮನೆಯಲ್ಲಿ ನನಗೆ ಹಾಡು ಇಲ್ಲವಾಯಿತು.

ಹೇಗೆಂದು ಕೇಳಿ. ನಾವು ಹಾಡು ಕೇಳುವುದು ಹೇಗೆ? ಹುಳಿಗೆ ತರಕಾರಿ ಹೆಚ್ಚುತ್ತ, ಬಟ್ಟೆ ಮಡಿಸುತ್ತ, ಅಕ್ಕಿ ಆರಿಸುತ್ತ. ಹತ್ತು ನಿಮಿಷ ಸಿಕ್ಕಿತು, ಹಾಕಿದೆವು. ಹಾಲಿನವನು ಕೂಗಿದ, ಆರಿಸಿದೆವು. ಈ ಡಬ್ಬಿಗೆ ಅದು ಆಗದು. ಹೊತ್ತಿಸಿದ ಮೇಲೆ ಅದು ಕಾಯಬೇಕು, ಸರಿಯಾಗಿ ಹದಕ್ಕೆ ಬರಲು ಅರ್ಧ ಗಂಟೆ ಬೇಕೆಂದು ಇವರ ಮತ. ಪದೇಪದೇ ಹೊತ್ತಿಸಿ ಆರಿಸಿದರೆ ಬುರುಡೆಯ ಆಯುಸ್ಸು ಕಡಿಮೆಯಾಗುತ್ತದೆ. ಕರೆಂಟ್ ಹೋಗಿ ಬಂದರೆ ಮತ್ತೆ ಮೊದಲಿನಿಂದ. ನಮ್ಮ ಮನೆಯ ಇನ್ವರ್ಟರಿನ ಕರೆಂಟು ಶುದ್ಧವಲ್ಲ, ಅದರಲ್ಲಿ ಹಾಕಿದರೆ ಗುಂಯ್ ಎನ್ನುತ್ತದೆ. ಇನ್ವರ್ಟರ್ ಇಲ್ಲದಾಗಲೂ ಸ್ವಲ್ಪ ಗುಂಯ್ ಎನ್ನುತ್ತದೆ. ಹಾಗೆಂದರೆ ನನ್ನ ಕಿವಿ ತೋರಿಸಿಕೊಂಡು ಬಾ ಎನ್ನುತ್ತಾರೆ. ಒಟ್ಟಿನಲ್ಲಿ ಅದನ್ನು ಮುಟ್ಟುವ ಹಕ್ಕು ಒಬ್ಬರಿಗೇ. ಕೆಲಸಕ್ಕೆ ಬರುವ ಹುಡುಗಿ ಅದರ ಧೂಳು ಒರೆಸುವ ಹಾಗಿಲ್ಲ. ನಾನೂ ಒರೆಸುವ ಹಾಗಿಲ್ಲ. ಇವರು ಒರೆಸುವುದಿಲ್ಲ.

ಅದು ಹಾಡುವಾಗಲಾದರೂ ನಾನು ಕೇಳಬಹುದಲ್ಲ ಎನ್ನುತ್ತೀರೇನೋ. ಅದು ಹಾಡುವಾಗ ಮನೆ ಉಸಿರು ಹಿಡಿಯಬೇಕು. ಮಿಕ್ಸಿ ಹಾಕಬಾರದು. ಕುಕ್ಕರ್ ಕೂಗಬಾರದು, ನಾಲ್ಕನೆಯ ಕೂಗಿಗೆ ಮೊದಲೇ "ಏ, ಈ ಆಲಾಪ ಮುಗಿಯೋವರೆಗೂ ತಡಿಯೇ" ಎಂದು ಪಡಸಾಲೆಯಿಂದ ಕೂಗು ಬರುತ್ತದೆ. ಬೇಳೆ ತಡೆಯುತ್ತದೆಯೆ? ಕುಟ್ಟಾಣಿಯಲ್ಲಿ ಶುಂಠಿ ಕುಟ್ಟಿದರೆ ಆ ಗಾಜಿನ ಬುರುಡೆಗೆ ನಡುಕ ತಾಗಿ ಸ್ಪೀಕರಿನಲ್ಲಿ ಟಿಂಗ್ ಎನ್ನುತ್ತದೆ. ಇದು ನನ್ನ ಉತ್ಪ್ರೇಕ್ಷೆಯಲ್ಲ, ವಾಲ್ವಿನ ಸ್ವಭಾವವೇ ಹಾಗೆ. ಒಳಗಿನ ತಂತಿಗಳು ಅಲುಗಿದರೆ ಅದೂ ಹಾಡಿನ ಜೊತೆ ಕೇಳಿಸುತ್ತದೆ. ಇವರು ಕೂರುವುದು ಎರಡು ಪೆಟ್ಟಿಗೆಗಳ ಎದುರಿಗೆ, ಅಳತೆ ಮಾಡಿ ಇಟ್ಟ ಒಂದೇ ಒಂದು ಕುರ್ಚಿಯಲ್ಲಿ. ಸಂಗೀತ ಸರಿಯಾಗಿ ಕೇಳುವುದು ಅಲ್ಲಿ ಮಾತ್ರವಂತೆ. ಎರಡನೆಯ ಕುರ್ಚಿಗೆ ಜಾಗವಿಲ್ಲ.

ಇಂಥದೊಂದು ಮನೆಯನ್ನು ನಾನು ಮೊದಲೇ ನೋಡಿದ್ದೆ. ಅದು ನನ್ನ ಅಜ್ಜನ ಮನೆ. ಪಡಸಾಲೆಯ ಗೋಡೆಗೆ ಹಲಗೆ ಹೊಡೆದು, ಅದರ ಮೇಲೆ ವಾಲ್ವ್ ರೇಡಿಯೋ. ಅದಕ್ಕೆ ನನ್ನ ಚಿಕ್ಕಮ್ಮ ಹಾಕಿದ ಕ್ರೋಷಾ ಹೊದಿಕೆ. ಹೊದಿಕೆ ಮಾಡಿದವಳಿಗೆ ಗುಂಡಿ ತಿರುಗಿಸುವ ಅಧಿಕಾರ ಇರಲಿಲ್ಲ. ಅಜ್ಜ ಹೊತ್ತಿಸುತ್ತಿದ್ದರು, ಅದು ಕಾದು ಬಾಯಿ ತೆರೆಯುವ ತನಕ ಕಾಯುತ್ತಿದ್ದರು, ವಾರ್ತೆ ಕೇಳುತ್ತಿದ್ದರು, ಆರಿಸುತ್ತಿದ್ದರು. ವಾರ್ತೆಯ ಹಿಂದೆಯೇ ನಾಟಕವೊಂದು ಶುರುವಾಗುವುದಿದ್ದ ದಿನ ನನ್ನ ಅಮ್ಮ ಮೊರ ಹಿಡಿದುಕೊಂಡು ನಡುಮನೆಯ ಬಾಗಿಲ ಹಿಂದೆ ನಿಂತಿರುತ್ತಿದ್ದಳು. ಒಂದು ದಿನ ನಾಟಕದ ಎರಡು ಮಾತು ಕೇಳಿತೋ ಇಲ್ಲವೋ, ಅಜ್ಜ ಟಕ್ಕನೆ ಆರಿಸಿದರು. ಅವರಿಗೆ ಅಮ್ಮ ಅಲ್ಲಿ ನಿಂತಿರುವುದು ಗೊತ್ತೂ ಇರಲಿಲ್ಲ. ಕೆಟ್ಟವರೇನಲ್ಲ. ಅಮ್ಮ ಮೊರ ತೆಗೆದುಕೊಂಡು ಒಳಗೆ ಹೋದಳು. ನನಗಾಗ ಏಳೆಂಟು ವರ್ಷ. ಅವಳ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಸೋದರಮಾವ ಬೊಂಬಾಯಿಯಿಂದ ಬರುವಾಗ ಒಂದು ಟ್ರಾನ್ಸಿಸ್ಟರ್ ತಂದು ಅಮ್ಮನ ಕೈಗೆ ಕೊಟ್ಟ. ಬ್ಯಾಟರಿ ಹಾಕಿದರೆ ಮುಗಿಯಿತು. ಒತ್ತಿದರೆ ಆ ಕ್ಷಣವೇ ಮಾತಾಡುತ್ತದೆ. ಅಡಿಗೆಮನೆಯಲ್ಲಿ ಉಪ್ಪಿನ ಜಾಡಿಯ ಪಕ್ಕ ಅದರ ಜಾಗ. ಹಿತ್ತಲಿಗೆ ಹೋದರೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅದೂ ಹೋಗುತ್ತಿತ್ತು. ಭದ್ರಾವತಿ ಆಕಾಶವಾಣಿಯ ಹಾಡು, ವಿವಿಧ ಭಾರತಿ, ಮಹಿಳೆಯರ ಕಾರ್ಯಕ್ರಮ, ರಾತ್ರಿಯ ನಾಟಕ, ಎಲ್ಲ. ಅಮ್ಮ ಕೆಲಸ ಮಾಡುತ್ತ ಗುನುಗುವುದನ್ನು ನಾನು ಮೊದಲು ಕೇಳಿದ್ದು ಆಗ. ಕಾಳಿಂಗರಾಯರ ಧಾಟಿಯನ್ನು ಅವಳು ತಪ್ಪಿಲ್ಲದೆ ಹಿಡಿಯುತ್ತಿದ್ದಳು! ಅಷ್ಟು ವರ್ಷ ಆ ದನಿ ಎಲ್ಲಿತ್ತು? ಟ್ರಾನ್ಸಿಸ್ಟರಿನಿಂದ ದೇಶಕ್ಕೆ ಏನೇನಾಯಿತೆಂದು ದೊಡ್ಡವರು ಬರೆಯುತ್ತಾರೆ. ಹಾಡನ್ನು ಪಡಸಾಲೆಯಿಂದ ಅಡಿಗೆಮನೆಗೆ ತಂದಿತು ಎಂಬುದನ್ನು ಮಾತ್ರ ಯಾರೂ ಬರೆದದ್ದನ್ನು ನಾನು ಓದಿಲ್ಲ. ಅದನ್ನು ಮತ್ತೆ ಹಿಡಿದುಕೊಂಡು ಹೋಗಿ ಪಡಸಾಲೆಯ ಹಲಗೆಯ ಮೇಲೆ ಕೂರಿಸುವುದಕ್ಕೆ ಹೊರಟಿದ್ದಾರೆ, ಅದೂ ಒಂದು ಲಕ್ಷದ ಮೂವತ್ತು ಸಾವಿರ ಕೊಟ್ಟು.

ಇವರಿಗೆ ಇದನ್ನು ಹೇಳಿದೆ. ಆಗ ಬಂದ ಉತ್ತರ ಕೇಳಿ. "ಒರಳಲ್ಲಿ ರುಬ್ಬಿದ ಚಟ್ನಿಗೂ ಮಿಕ್ಸಿ ಚಟ್ನಿಗೂ ವ್ಯತ್ಯಾಸ ಇಲ್ವೇನೇ? ನೀನೇ ಹೇಳ್ತಿದ್ದೆಯಲ್ಲ, ಅಮ್ಮನ ಕೈ ಚಟ್ನಿ ಅಂತ. ಇದೂ ಹಾಗೇ." ಮಿತ್ರಮಂಡಳಿ ಹೋ ಎಂದಿತು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಒಳ್ಳೆಯ ಉತ್ತರಗಳು ನನಗೆ ಪಾತ್ರೆ ತೊಳೆಯುವಾಗಲೇ ಹೊಳೆಯುವುದು. ರೀ, ಒರಳಲ್ಲಿ ರುಬ್ಬಿದ್ದು ರುಚಿ, ಒಪ್ಪಿದೆ. ರುಬ್ಬಿದವರು ಯಾರು? ಒರಳಿನ ಗುಣಗಾನ ಮಾಡುವವರಲ್ಲಿ ಗುಂಡುಕಲ್ಲು ತಿರುವಿದವರು ಎಷ್ಟು ಜನ? ಸೌದೆ ಒಲೆಯ ಅನ್ನ, ಕೈಯಲ್ಲಿ ಒಗೆದ ಬಟ್ಟೆ, ತಾಮ್ರದ ಹಂಡೆಯ ನೀರು ಎಂದು ನಿಟ್ಟುಸಿರು ಬಿಡುವವರು ಊದುಗೊಳವೆ ಹಿಡಿದು ಕಣ್ಣು ಕೆಂಪಗೆ ಮಾಡಿಕೊಂಡವರಲ್ಲ. ಹಳೆಯದರ ಸೊಗಸು ಒಬ್ಬರಿಗೆ, ಹಳೆಯದರ ಕೆಲಸ ಇನ್ನೊಬ್ಬರಿಗೆ. ಈ ಆಂಪ್ಲಿಫೈಯರಿನಲ್ಲಿ ಆಗಿರುವುದೂ ಅದೇ. ಅವರಿಗೆ ಸೊಗಸು, ಬೆವರು, ಬಿಲ್ಲು, ಮಗುವಿನ ಕಾವಲು ನನಗೆ.

ಸೊಗಸಿಲ್ಲವೆ? ಇದೆ. ಸುಳ್ಳು ಹೇಳಲಾರೆ. ಒಂದು ರಾತ್ರಿ ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿದ್ದರು. ಊರೆಲ್ಲ ಮಲಗಿತ್ತು, ಅಡಿಗೆಮನೆಯಲ್ಲಿ ಕೆಲಸ ಮುಗಿದಿತ್ತು. ಬಾಗಿಲಲ್ಲಿ ನಿಂತು ಕೇಳಿದೆ. ಮನ್ಸೂರರು ಮುಂದೆ ಕೂತು ಹಾಡಿದ ಹಾಗೆ ಇತ್ತು. ಬಾಗಿಲಲ್ಲಿ ನಿಂತಿದ್ದೇನೆ ಎಂಬುದು ಸ್ವಲ್ಪ ಹೊತ್ತಾದ ಮೇಲೆ ನನ್ನ ಗಮನಕ್ಕೆ ಬಂತು. ಆಗ ಒಳಗೆ ಹೋದೆ.

ಆದರೆ ಆ ಸೊಗಸು ಎಲ್ಲಿಂದ ಬರುತ್ತದೆಂದು ಮಗಳು ಓದಿ ಹೇಳಿದ ಮೇಲೆ ನನಗೆ ನಗು ಬಂತು. ಈ ಒಂಟಿ ಬುರುಡೆಯ ಯಂತ್ರಗಳು ದನಿಯನ್ನು ಇದ್ದ ಹಾಗೆ ಕೊಡುವುದಿಲ್ಲ. ಒಂದು ಸ್ವರ ಹೋದರೆ ಅದರ ಎರಡರಷ್ಟು ಕಂಪನದ ಇನ್ನೊಂದನ್ನು ತಾವಾಗಿ ಸೇರಿಸುತ್ತವೆ. ಸಂಗೀತ ಕಲಿತ ನಮಗೆ ಇದು ಸುಲಭ: ಮಧ್ಯ ಷಡ್ಜ ಹಾಡಿದರೆ ಯಂತ್ರ ಅದರ ಜೊತೆ ತಾರ ಷಡ್ಜವನ್ನು ಸಣ್ಣಗೆ ಬೆರೆಸುತ್ತದೆ. ಷಡ್ಜಕ್ಕೆ ಷಡ್ಜವೇ ಆದ್ದರಿಂದ ಕಿವಿಗೆ ಕಹಿಯಾಗುವುದಿಲ್ಲ, ತುಂಬಿದಂತೆ, ಬೆಚ್ಚಗಿದ್ದಂತೆ ಅನಿಸುತ್ತದೆ. ಜೋರು ಮಾಡಿದಷ್ಟೂ ಬೆರಕೆ ಹೆಚ್ಚು; ಪೂರ್ತಿ ಜೋರಿನಲ್ಲಿ ನೂರಕ್ಕೆ ಮೂರು ನಾಲ್ಕರಷ್ಟೂ ಆಗುವುದುಂಟು. ಸಾಧಾರಣ ಟ್ರಾನ್ಸಿಸ್ಟರ್ ಯಂತ್ರದಲ್ಲಿ ಅದು ನೂರಕ್ಕೆ ಒಂದರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಅಂದರೆ ಇವರು ಹೇಳುವ "ನಿಜವಾದ ನಾದ" ಹುಳಿಗೆ ಹಾಕಿದ ಬೆಲ್ಲ. ಬೆಲ್ಲ ಹಾಕಿದ ಹುಳಿ ಕೆಲವರಿಗೆ ಇಷ್ಟ, ತಿನ್ನಲಿ. ಆದರೆ ಅನ್ನಕ್ಕೂ ಬೆಲ್ಲ, ಮಜ್ಜಿಗೆಗೂ ಬೆಲ್ಲ, ಉಪ್ಪಿನಕಾಯಿಗೂ ಬೆಲ್ಲ ಹಾಕಿ, ಇದೇ ಪದಾರ್ಥದ ಮೂಲ ರುಚಿ ಎಂದರೆ ಹೇಗೆ? ಗಂಗೂಬಾಯಿ ಹಾನಗಲ್ಲರ ಕಂಠವನ್ನು ನೆನೆಸಿಕೊಳ್ಳಿ. ಆ ಗಡಸು, ಆ ಗಂಭೀರ, ಹೆಣ್ಣುದನಿ ಹೀಗೇ ಇರಬೇಕೆಂಬ ಕಟ್ಟಳೆಯನ್ನು ಪಕ್ಕಕ್ಕೆ ತಳ್ಳಿ ನಿಂತ ದನಿ ಅದು. ನಮ್ಮ ಡಬ್ಬಿಯಲ್ಲಿ ಅವರೂ ಮೆತ್ತಗಾಗುತ್ತಾರೆ. ತಬಲಾದ ಎಡಗೈ ಪೆಟ್ಟು ಕೂಡ ಅಷ್ಟೆ, ಬಿದ್ದಲ್ಲಿ ನಿಲ್ಲದೆ ಹರಡಿಕೊಳ್ಳುತ್ತದೆ. ನನ್ನ ಹಳೇ ಟೇಪ್‌ರೆಕಾರ್ಡರಿನಲ್ಲಿ ಗಂಗೂಬಾಯಿ ಗಂಗೂಬಾಯಿಯವರೇ ಆಗಿದ್ದರು.

ಇಷ್ಟಾದ ಮೇಲೂ ನಾನು ಬರೆಯುತ್ತಿರಲಿಲ್ಲವೇನೋ. ಬರೆಸಿದ್ದು ಒಂದು ಮಾತು. ಮಿತ್ರಮಂಡಳಿಯ ಒಬ್ಬರು ನಮ್ಮ ಪಡಸಾಲೆಯನ್ನು ಸುತ್ತ ನೋಡಿ, ನಗುತ್ತ, "ಏನ್ರೀ, ಇಲ್ಲಿ ವ್ಯಾಫ್ ಚೆನ್ನಾಗಿದೆ ಬಿಡಿ" ಎಂದರು. ಅವರು ಹೋದ ಮೇಲೆ ವ್ಯಾಫ್ ಎಂದರೇನು ಎಂದು ಕೇಳಿದೆ. ಇವರು ಮಾತು ತೇಲಿಸಿದರು. ಮಗಳು ಹುಡುಕಿ ಹೇಳಿದಳು. ವೈಫ್ ಆಕ್ಸೆಪ್ಟೆನ್ಸ್ ಫ್ಯಾಕ್ಟರ್. ಹೆಂಡತಿ ಒಪ್ಪಿಕೊಳ್ಳುವ ಅಂಶ! ಅಮೆರಿಕದ ಸ್ಟೀರಿಯೋಫೈಲ್ ಎಂಬ ಪತ್ರಿಕೆಯಲ್ಲಿ 1983ರಲ್ಲೇ ಅಚ್ಚಾದ ಮಾತಂತೆ. ಒಂದು ಯಂತ್ರದ ಗಾತ್ರ, ಬಣ್ಣ, ಅಂದ ಇವುಗಳಿಗೆ ಮನೆಯ ಹೆಂಗಸು ತಕರಾರು ತೆಗೆಯದೆ ಇರುವ ಸಂಭವ ಎಷ್ಟು ಎಂದು ಅಳೆಯುವುದು. ವ್ಯಾಟ್ ಎಷ್ಟು, ವೋಲ್ಟ್ ಎಷ್ಟು, ಹೆಂಡತಿ ಎಷ್ಟು.

ನಲವತ್ತು ವರ್ಷಗಳಿಂದ ಲೋಕದ ತುಂಬ ಈ ಗಂಡಸರು ನಗುನಗುತ್ತ ಈ ಮಾತನ್ನು ಬಳಸುತ್ತಿದ್ದಾರೆ. ಆ ಲೆಕ್ಕದಲ್ಲಿ ನಮಗೆ ಕಣ್ಣಿದೆ, ಪರದೆಗೆ ಹೊಂದುತ್ತದೋ ಇಲ್ಲವೋ ನೋಡಲು. ಬಾಯಿದೆ, ಗೊಣಗಲು. ಕಿವಿ ಮಾತ್ರ ಇಲ್ಲ! ಹೆಂಡತಿಗೂ ಸಂಗೀತ ಬೇಕಾಗಿರಬಹುದು, ಅವಳಿಗೆ ಈ ಯಂತ್ರ ಸರಿಯಾಗಿ ಕೇಳಿಸದೆ ಬೇಡವಾಗಿರಬಹುದು ಎಂಬ ಕಲ್ಪನೆಯೂ ಅದರಲ್ಲಿಲ್ಲ. ನಾನು ಎಂಟು ವರ್ಷ ವೀಣೆ ಕಲಿತವಳು. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಸ್ವರಜ್ಞಾನ ಇದ್ದದ್ದು ನನಗೊಬ್ಬಳಿಗೆ. ರಾಗದ ಹೆಸರು ಇವರಿಗೆ ಹೇಳಿಕೊಟ್ಟವಳೂ ನಾನೇ. ಮಾರ್ವಾಕ್ಕೂ ಪೂರಿಯಾಕ್ಕೂ ಇವರಿಗೆ ಇವತ್ತಿಗೂ ಗೊಂದಲ. ಮಿತ್ರಮಂಡಳಿಯ ಮುಂದೆ ಹೇಳಬೇಡ ಎಂದು ಕೇಳಿಕೊಂಡಿದ್ದರು, ಇಷ್ಟು ದಿನ ಹೇಳಿರಲಿಲ್ಲ.

ಈ ಕಳೆದ ಡಿಸೆಂಬರಿನಲ್ಲಿ ಎಡಗಡೆಯ ಬುರುಡೆ ಹೋಯಿತು. ಮೊದಲು ಚರಚರ ಎಂದಿತು, ಆಮೇಲೆ ಒಂದು ಕಡೆಯ ದನಿ ಕುಗ್ಗಿತು, ಒಂದು ಸಂಜೆ ನಿಂತೇ ಹೋಯಿತು. ಅದೇನು ಅಪಘಾತವಲ್ಲ, ಇಂಥ ದೊಡ್ಡ ವಾಲ್ವುಗಳಿಗೆ ಕೆಲವು ಸಾವಿರ ಗಂಟೆಯ ಆಯುಸ್ಸು, ದಿನಕ್ಕೆ ಐದು ಗಂಟೆಯಂತೆ ಎರಡು ವರ್ಷಕ್ಕೆ ಮೂರು ಸಾವಿರದ ಆರುನೂರು ಗಂಟೆ ಮೀರಿತ್ತು. ಒಂದನ್ನೇ ಬದಲಿಸುವ ಹಾಗಿಲ್ಲ. ಎರಡೂ ಒಂದೇ ಅಳತೆಯವಿರಬೇಕು, ಜೋಡಿಯಾಗಿಯೇ ಕೊಳ್ಳಬೇಕು. ನಮ್ಮ ಜಾಲಹಳ್ಳಿಯವು ಈಗ ಹಳೇ ದಾಸ್ತಾನಿನಲ್ಲಿ ಸಿಕ್ಕರೆ ಉಂಟು, ಅವೂ ರೇಡಿಯೋದ ಸಣ್ಣ ವಾಲ್ವುಗಳು. ಲೋಕದಲ್ಲಿ ಈಗ ವಾಲ್ವು ಹೆಚ್ಚಾಗಿ ತಯಾರಾಗುವುದು ಚೀನಾ, ರಷ್ಯಾ, ಸ್ಲೊವಾಕಿಯಾದಲ್ಲಿ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ರಷ್ಯಾದಿಂದ ರಫ್ತು ಕೆಲಕಾಲ ನಿಂತು ಎಲ್ಲ ಕಡೆ ಬೆಲೆ ಏರಿತ್ತು. ಎಲ್ಲಿಯದೋ ಯುದ್ಧಕ್ಕೆ ದಾವಣಗೆರೆಯ ಪಡಸಾಲೆಯಲ್ಲಿ ಹಾಡು ನಿಲ್ಲುವಂಥ ಪದಾರ್ಥ ಇದು. ಇವರು ವಿಚಾರಿಸಿದ ಜೋಡಿಗೆ 22,000.

ಜೋಡಿ ಬರುವ ತನಕ ಎಂದು ಅಟ್ಟದಿಂದ ಹಳೇ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇಳಿಸಿದರು. 1990ರ ದಶಕದ್ದು, ಹಬ್ಬಕ್ಕೆ ಕೊಂಡದ್ದು. ಎರಡು ದಿನ ಮುಖ ಸಿಂಡರಿಸಿಕೊಂಡು ಕೇಳಿದರು. ಮೂರನೆಯ ದಿನ ಮರೆತರು. ನಾಲ್ಕನೆಯ ದಿನ ಅದೇ ಕುರ್ಚಿಯಲ್ಲಿ ಅದೇ ರೀತಿ ತಲೆದೂಗುತ್ತಿದ್ದುದನ್ನು ನಾನು ಅಡಿಗೆಮನೆಯಿಂದ ನೋಡಿದೆ. ಏನೂ ಹೇಳಲಿಲ್ಲ. ಆ ವಾರ ಅವರು ಬ್ಯಾಂಕಿಗೆ ಹೋದ ಹೊತ್ತಿನಲ್ಲಿ ನಾನೇ ಗುಂಡಿ ಒತ್ತಿದೆ. ಒತ್ತಿದ ಕೂಡಲೇ ಹಾಡಿತು. ಗಂಗೂಬಾಯಿಯವರನ್ನು ಹಾಕಿ, ಜೋರು ಮಾಡಿ, ಮಿಕ್ಸಿಯಲ್ಲಿ ಚಟ್ನಿ ರುಬ್ಬಿದೆ.

ಈಗ 22,000ದ ಮಾತು ನಡೆದಿದೆ. ದುಡ್ಡು ಜಂಟಿ ಖಾತೆಯಲ್ಲಿದೆ, ಇಬ್ಬರ ರುಜುವೂ ಬೇಕು. ನಾನು ಇಲ್ಲ ಎಂದಿಲ್ಲ. ಮೊದಲು ಅಡಿಗೆಕಟ್ಟೆಗೆ ಗ್ರಾನೈಟ್. ಆಮೇಲೆ ಅಟ್ಟದ ಮೇಲಿನ ಪಂಜರ ಇಳಿಯಬೇಕು, ಆ ಡಬ್ಬಿ ಮಗುವಿನ ಕೈಗೆಟುಕದ ಎತ್ತರಕ್ಕೆ ಏರಬೇಕು. ಎರಡನೆಯ ಕುರ್ಚಿ ಬರಬೇಕು. ಹೊತ್ತಿಸುವುದು, ಆರಿಸುವುದು ನನಗೂ ತೋರಿಸಿಕೊಡಬೇಕು. ನಾನು ಹೊತ್ತಿಸಿದ ದಿನ ಕುಕ್ಕರ್ ಎಷ್ಟು ಸಲ ಬೇಕಾದರೂ ಕೂಗಬಹುದು. ಹಳೇ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮಾತ್ರ ಮತ್ತೆ ಅಟ್ಟಕ್ಕೆ ಹೋಗುವುದಿಲ್ಲ, ಅದು ಅಡಿಗೆಮನೆಗೆ. ಇದಕ್ಕೆ ಇವರು ಇನ್ನೂ ಉತ್ತರ ಕೊಟ್ಟಿಲ್ಲ. ಕಲ್ಲಿನವನು ಮಾತ್ರ ನಿನ್ನೆ ಬಂದು ಕಟ್ಟೆಯ ಅಳತೆ ತೆಗೆದುಕೊಂಡು ಹೋಗಿದ್ದಾನೆ.